ಅಮ್ಮಂಗೆ ಡಬ್ಬದ ಪುಡಿನಾ, ಹುರುಳಿ ಸಾರಾ, ಇಲ್ಲಾ ಬರೀ ಒಂದು ಕುರ್ಚಿನಾ?

ಹೋದ ಮಳೆಗಾಲದಲ್ಲಿ ನಮ್ಮಮ್ಮಂಗೆ ಡೆಂಗಿ ಆಯ್ತು. ಹತ್ತು ದಿನ ಹಾಸಿಗೆ. ಪ್ಲೇಟ್‌ಲೆಟ್ ಮೇಲಕ್ಕೆ ಬಂತು, ಜ್ವರ ಬಿಡ್ತು, ಸದ್ಯ ಬಚಾವ್ ಅಂತ ನಾವೆಲ್ಲ ಉಸ್ಸಪ್ಪಾ ಅಂದ್ಕೊಂಡ್ವಿ, ಆಮೇಲೆ ನೋಡಿದ್ರೆ ಅಮ್ಮ ಸೋಫಾದಿಂದ ಏಳೋಕೆ ಎರಡು ಸಲ ಹಿಂದೆ ಮುಂದೆ ತೂಗಾಡಿ, ಕೈ ಊರಿ, "ಅಯ್ಯೋ ರಾಮಾ" ಅಂತ ಏಳ್ತಿದ್ಲು. ಉಪ್ಪಿನಕಾಯಿ ಜಾಡಿ ಮುಚ್ಚಳ ತೆಗಿಯೋಕೆ ಪಕ್ಕದ ಮನೆ ಹುಡುಗ ಬರ್ಬೇಕು. ಬಳೆ ಮೊಣಕೈವರೆಗೂ ಜಾರ್ತಿತ್ತು. 72 ವಯಸ್ಸು, 54 ಕೆಜಿ. ವಯಸ್ಸಾಯ್ತಲ್ಲ ಬಿಡು ಅಂತ ಅವಳೇ ಹೇಳ್ತಿದ್ಲು, ನಾವೂ ತಲೆ ಆಡಿಸ್ತಿದ್ವಿ.

ಆಮೇಲೆ ಶುರುವಾಯ್ತು ಸಲಹೆಗಳ ಸುರಿಮಳೆ. ಅತ್ತಿಗೆ ಹಾಲಿಗೆ ಹಾಕೋ ಪೌಷ್ಟಿಕ ಪುಡಿ ಒಂದು ದೊಡ್ಡ ಡಬ್ಬ ತಂದ್ಕೊಟ್ರು. ದೊಡ್ಡಮ್ಮ ಫೋನ್ ಮಾಡಿ ರಾಗಿ ಅಂಬಲಿ, ಹುರುಳಿ ಕಟ್ಟು ಅಂದ್ರು. ಪಕ್ಕದ ಮನೆ ಅಂಕಲ್ "ಲಾಲ್‌ಬಾಗ್‌ಗೆ ಕರ್ಕೊಂಡ್ ಬನ್ರೀ, ಎರಡು ರೌಂಡ್ ಹೊಡೆದ್ರೆ ಸರಿಹೋಗ್ತಾರೆ" ಅಂದ್ರು. ಡಾಕ್ಟರ್ ಫಿಸಿಯೋಗೆ ಬರ್ದುಕೊಟ್ರು. ಎಲ್ಲದಕ್ಕೂ ದುಡ್ಡು ಬೇಕು ಇಲ್ಲಾ ಟೈಮ್ ಬೇಕು, ಎರಡೂ ನಮ್ಮತ್ರ ಅಳತೆಗೆ ತಕ್ಕಷ್ಟೇ ಇರೋದು, ಹಾಗಾಗಿ ಯಾವುದು ಮೊದಲು ಅಂತ ಆರು ತಿಂಗ್ಳು ಒದ್ದಾಡಿದ್ದನ್ನ ಇಲ್ಲಿ ಬರೀತಿದೀನಿ. ನಾನು ಡಾಕ್ಟರ್ ಅಲ್ಲ, ಅಡುಗೆಮನೆ ತಕ್ಕಡಿ ಇಟ್ಕೊಂಡು ಕೂತ ಮಗಳು ಅಷ್ಟೇ.

ಮೊದಲು ಅಳೀರಿ, ಆಮೇಲೆ ಅಂಗಡಿಗೆ ಹೋಗಿ

ಹೀಗೆ ವಯಸ್ಸಾಗ್ತಾ ಖಂಡ, ಶಕ್ತಿ ಕಮ್ಮಿ ಆಗೋದಕ್ಕೆ ಸಾರ್ಕೊಪೀನಿಯಾ ಅಂತ ಹೆಸರಿದೆ, 1989ರಲ್ಲಿ ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ ಅನ್ನೋರು ಇಟ್ಟಿದ್ದು, ಗ್ರೀಕ್‌ನಲ್ಲಿ ಮಾಂಸಖಂಡ ಕಮ್ಮಿ ಆಗೋದು ಅಂತ ಅರ್ಥ. ಆದ್ರೆ ಈಗ ಡಾಕ್ಟರುಗಳು ಖಂಡ ಎಷ್ಟಿದೆ ಅನ್ನೋದಕ್ಕಿಂತ ಶಕ್ತಿ ಎಷ್ಟಿದೆ ಅಂತಾನೇ ಮೊದಲು ನೋಡೋದು. ಅದನ್ನ ಮನೇಲೇ ನೋಡ್ಬೋದು, ಸ್ಕ್ಯಾನ್ ಬೇಡ. ಕೈ ಇಲ್ಲದ ಗಟ್ಟಿ ಕುರ್ಚಿ ಗೋಡೆಗೆ ಆನಿಸಿ ಇಡಿ, ಎರಡೂ ಕೈ ಎದೆ ಮೇಲೆ ಕಟ್ಕೊಂಡು ಐದು ಸಲ ಪೂರ್ತಿ ಎದ್ದು ಕೂರ್ಲಿ, ಫೋನಲ್ಲಿ ಸ್ಟಾಪ್‌ವಾಚ್ ಹಾಕಿ, ಪಕ್ಕದಲ್ಲೇ ಒಬ್ರು ನಿಂತ್ಕೊಳ್ಳಿ. 2019ರಲ್ಲಿ ಏಷ್ಯಾದ ತಜ್ಞರ ಗುಂಪು ಹಾಕಿರೋ ಲೆಕ್ಕದಲ್ಲಿ 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಆದ್ರೆ ಅನುಮಾನ ಪಡಬೇಕು. ಅಮ್ಮಂಗೆ 19 ಸೆಕೆಂಡ್ ಆಯ್ತು, ಅದೂ ನಾಲ್ಕನೇ ಸಲ ಸುಧಾರಿಸ್ಕೊಂಡು.

ಜಪಾನಿನೋರ ಇನ್ನೊಂದು ಸುಲಭದ ಉಪಾಯ ಇದೆ. ಎರಡೂ ಕೈಯ ಹೆಬ್ಬೆಟ್ಟು ತೋರುಬೆರಳು ಸೇರಿಸಿ ಉಂಗುರದ ಥರ ಮಾಡಿ ಮೀನಖಂಡದ ದಪ್ಪ ಜಾಗಕ್ಕೆ ಸುತ್ತಬೇಕು. ಬೆರಳು ಒಂದಕ್ಕೊಂದು ಮುಟ್ಟದೇ ಇದ್ರೆ ಒಳ್ಳೇದು, ಮುಟ್ಟಿ ಇನ್ನೂ ಸಂದಿ ಉಳಿದ್ರೆ ಖಂಡ ಕರಗಿದೆ ಅಂತ ಲೆಕ್ಕ. ಅವರವರ ಕೈಯಿಂದ ಅವರವರ ಕಾಲೇ ಅಳೀಬೇಕು, ನಮ್ಮ ಕೈಯಲ್ಲಿ ಅವರ ಕಾಲಲ್ಲ. ಕಾಲು ಊದಿಕೊಂಡಿದ್ರೆ ಇದು ಸುಳ್ಳು ಹೇಳುತ್ತೆ.

ಇನ್ನು ಪೂರ್ತಿ ಸೊರಗಿದಾರಾ ಅಂತ ನೋಡೋಕೆ 2001ರಲ್ಲಿ ಲಿಂಡಾ ಫ್ರೀಡ್ ಮತ್ತವರ ತಂಡ ಐದು ಗುರುತು ಕೊಟ್ಟಿದಾರೆ: ಬೇಕಂತ ಮಾಡದೇ ತೂಕ ಇಳಿಯೋದು (ವರ್ಷಕ್ಕೆ ನಾಲ್ಕೂವರೆ ಕೆಜಿ ಹತ್ರ), ಸದಾ ಸುಸ್ತು, ಹಿಡಿತ ಸಡಿಲ, ನಡಿಗೆ ನಿಧಾನ, ಓಡಾಟ ಕಮ್ಮಿ. ಮೂರು ಇದ್ರೆ ಸೊರಗಿದಾರೆ, ಒಂದೆರಡಿದ್ರೆ ಆ ದಾರೀಲಿದಾರೆ. ಅಮ್ಮಂಗೆ ಮೂರಿತ್ತು. ತೂಕ ಸುಮ್ಸುಮ್ನೆ ಇಳೀತಿದ್ರೆ ಮಾತ್ರ ಪುಡಿ ಮುದ್ದೆ ಅಂತ ಕೂರ್ಬೇಡಿ, ಮೊದಲು ಡಾಕ್ಟರ್ ಹತ್ರ ಹೋಗಿ, ಥೈರಾಯ್ಡ್, ಶುಗರ್, ಟಿಬಿ, ಕ್ಯಾನ್ಸರ್, ಮನಸ್ಸಿನ ಬೇಜಾರು, ಯಾವುದು ಬೇಕಾದ್ರೂ ಇರ್ಬೋದು.

ಹತ್ತು ದಿನ ಮಲಗಿದ್ದಕ್ಕೆ ಇಷ್ಟಾಗುತ್ತಾ ಅಂತ ನಂಗೂ ಅನ್ಸಿತ್ತು. ಆಗುತ್ತೆ. 2007ರಲ್ಲಿ ಅಮೆರಿಕದಲ್ಲಿ ಆರೋಗ್ಯವಾಗೇ ಇದ್ದ ವಯಸ್ಸಾದೋರನ್ನ ಹತ್ತು ದಿನ ಬರೀ ಮಲಗಿಸಿ ನೋಡಿದಾರೆ, ಕಾಲಲ್ಲೇ ಒಂದು ಕೆಜಿ ಹತ್ರ ಖಂಡ ಹೋಗಿತ್ತು. ಅಮ್ಮಂಗೆ ಮಲಗಿದ್ದರ ಜೊತೆ ಜ್ವರಾನೂ ಇತ್ತು, ಹೊಟ್ಟೆಗೆ ಗಂಜಿ ಎಳನೀರು ಬಿಟ್ಟು ಏನೂ ಹೋಗಿರ್ಲಿಲ್ಲ.

ಪುಡಿನಾ ಊಟಾನಾ

ಇಲ್ಲಿ ಲೆಕ್ಕ ಹಾಕದೇ ಮಾತಾಡಿದ್ರೆ ಬರೀ ಜಗಳ ಆಗುತ್ತೆ. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2020ರಲ್ಲಿ ದೊಡ್ಡೋರಿಗೆ ಅಂತ ಹೇಳಿರೋದು ದಿನಕ್ಕೆ ಒಂದು ಕೆಜಿ ತೂಕಕ್ಕೆ 0.83 ಗ್ರಾಂ ಪ್ರೋಟೀನ್. 65 ದಾಟಿದೋರಿಗೆ 1.0ರಿಂದ 1.2 ಗ್ರಾಂ ಬೇಕು, ಕಾಯಿಲೆ ಬಿದ್ದಿದ್ರೆ 1.5ವರೆಗೂ ಹೋಗ್ಬೋದು ಅಂತ 2013ರಲ್ಲಿ ಅಂತರರಾಷ್ಟ್ರೀಯ ತಜ್ಞರ ಗುಂಪೊಂದು ಹೇಳಿದೆ. ವಯಸ್ಸಾದ್ಮೇಲೆ ಖಂಡಕ್ಕೆ ಕಿವಿ ಮಂದ ಆದಂಗೆ, ಚೂರುಪಾರು ಪ್ರೋಟೀನ್ ಬಂದ್ರೆ ಕೇಳಿಸೋದೇ ಇಲ್ಲ, ಒಂದೊಂದು ಊಟಕ್ಕೂ ಒಟ್ಟಿಗೆ 20-25 ಗ್ರಾಂ ಬಂದ್ರೆ ಆಗ ಎದ್ದು ಕೆಲಸ ಶುರು ಮಾಡುತ್ತೆ. ಅಮ್ಮನ ತೂಕಕ್ಕೆ ದಿನಕ್ಕೆ 54ರಿಂದ 65 ಗ್ರಾಂ ಆಯ್ತು.

ಅವಳು ತಿಂತಿದ್ದಿದ್ದು? ಬೆಳಗ್ಗೆ ಕಾಫಿ, ಎರಡು ಇಡ್ಲಿ ಚಟ್ನಿ, ಮಧ್ಯಾಹ್ನ ಅನ್ನ ತಿಳಿಸಾರು ಬೀನ್ಸ್ ಪಲ್ಯ ಮಜ್ಜಿಗೆ, ನಾಲ್ಕು ಗಂಟೆಗೆ ಇನ್ನೊಂದು ಕಾಫಿ ಎರಡು ಬಿಸ್ಕೆಟ್, ರಾತ್ರಿ "ಹಸಿವೇ ಇಲ್ಲ" ಅಂತ ಒಂದು ಚಪಾತಿ, ಒಂದು ತುತ್ತು ಮೊಸರನ್ನ. ಕೂಡಿದ್ರೆ 30 ಗ್ರಾಂ ಮುಟ್ಟೋದೂ ಕಷ್ಟ. ಸಾರಲ್ಲಿ ಬೇಳೆ ಇರುತ್ತಲ್ಲ ಅಂತಾಳೆ. ಇರುತ್ತೆ, ತಳದಲ್ಲಿ, ಅದು ನಮಗೆ ಬಡಿಸಿ ಮೇಲಿನ ತಿಳಿ ಅವಳು ಹಾಕ್ಕೋತಾಳೆ. ನಮ್ಮ ಕಡೆ ಹೆಂಗಸರು ಎಲ್ಲರಿಗೂ ಬಡಿಸಿ ಉಳಿದಿದ್ದು ತಿನ್ನೋ ಅಭ್ಯಾಸ ಇದೆಯಲ್ಲ, ಅದರಲ್ಲಿ ಅನ್ನ ಉಳಿಯುತ್ತೆ, ಕಾಳು ಉಳಿಯಲ್ಲ.

ಅತ್ತಿಗೆ ತಂದ ಡಬ್ಬದ ಹಿಂದೆ ಓದಿದೆ. ನೂರು ಗ್ರಾಂಗೆ ಪ್ರೋಟೀನ್ ಇಪ್ಪತ್ತೂ ಇಲ್ಲ, ಉಳಿದಿದ್ದು ಬಹುಪಾಲು ಸಕ್ಕರೆ, ಮಾಲ್ಟೋಡೆಕ್ಸ್‌ಟ್ರಿನ್ ಅನ್ನೋ ಪಿಷ್ಟದ ಪುಡಿ. ಹಾಲಿಗೆ ಎರಡು ಚಮಚ ಹಾಕಿದ್ರೆ ಪುಡಿಗಿಂತ ಹಾಲಿನ ಪ್ರೋಟೀನೇ ಜಾಸ್ತಿ! ಡಬ್ಬದ ಮೇಲೆ ನಗ್ತಾ ಇರೋ ಅಜ್ಜ ಅಜ್ಜಿ ಫೋಟೋ ಬಿಟ್ಟು ಹಿಂದಿನ ಟೇಬಲ್ ನೋಡಿ ತಗೊಳ್ಳಿ. ಏನೂ ಸೇರ್ತಿಲ್ಲ, ತೂಕ ಇಳೀತಿದೆ, ಕ್ಯಾಲೊರಿ ಬೇಕೇ ಬೇಕು ಅಂದ್ರೆ ಇಂಥದ್ದಕ್ಕೂ ಜಾಗ ಇದೆ. ಶುಗರ್ ಇರೋರಿಗೆ ಮಾತ್ರ ಹುಷಾರು.

ವ್ಹೇ ಪುಡಿ ಬೇರೆ ಕಥೆ. ಹಾಲು ಒಡೆದಾಗ ಬರೋ ನೀರಿನ ಪ್ರೋಟೀನ್ ಅದು, 30 ಗ್ರಾಂ ಸ್ಕೂಪಲ್ಲಿ 22-24 ಗ್ರಾಂ ಇರುತ್ತೆ, ಖಂಡ ಕಟ್ಟೋ ಕೆಲಸ ಶುರು ಮಾಡಿಸೋ ಲ್ಯೂಸಿನ್ ಅನ್ನೋ ಅಮೈನೋ ಆಮ್ಲ (ಪ್ರೋಟೀನ್ ಕಟ್ಟಿರೋ ಇಟ್ಟಿಗೆಗಳಲ್ಲಿ ಒಂದು) ಅದರಲ್ಲಿ ಜಾಸ್ತಿ, ಅಗಿಯೋ ಕಷ್ಟ ಇಲ್ಲ. ಆದ್ರೆ ಒಂದು ಸ್ಕೂಪ್‌ಗೆ ಎಪ್ಪತ್ತು ಎಂಬತ್ತು ರೂಪಾಯಿ ಬೀಳುತ್ತೆ, ಕೆಲವರಿಗೆ ಹೊಟ್ಟೆ ಉಬ್ಬರ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚೀಲಿ ಮೈ ಬೆಳೆಸೋಕೆ ಅಂತ ಪ್ರೋಟೀನ್ ಪುಡಿ ತಗೋಬೇಡಿ ಅಂತಾನೇ ಹೇಳಿದೆ. ಅದು ಜಿಮ್ ಹುಡುಗರಿಗೆ ಸರಿಯಾಗಿ ಒಪ್ಪುತ್ತೆ. ಹಲ್ಲಿಲ್ಲದ, ಎರಡು ತುತ್ತಿಗೆ ಸಾಕು ಅನ್ನೋ ಅಜ್ಜಿಗೆ ಡಾಕ್ಟರ್ ಹೇಳಿದ್ರೆ ಅರ್ಧ ಸ್ಕೂಪ್ ತಪ್ಪಲ್ಲ ಅಂತ ನನ್ನ ಅನಿಸಿಕೆ. ಯಾವುದೇ ದಾರಿ ಹಿಡಿಯೋ ಮುಂಚೆ ಕಿಡ್ನಿ ಹೇಗಿದೆ ಅಂತ ತೋರಿಸೋ ಕ್ರಿಯಾಟಿನಿನ್ ರಕ್ತದ ಟೆಸ್ಟ್ ಒಂದು ಮಾಡ್ಸಿ, ಕಿಡ್ನಿ ಮೊದಲೇ ಕೆಟ್ಟಿದ್ರೆ ಪ್ರೋಟೀನ್ ಎಷ್ಟು ಅಂತ ಕಿಡ್ನಿ ಡಾಕ್ಟರೇ ಹೇಳಬೇಕು, ನಾನೂ ಅಲ್ಲ ಅತ್ತಿಗೇನೂ ಅಲ್ಲ.

ಊಟದಲ್ಲೇ ಆರಿಸೋದಾದ್ರೆ

ರಾಗಿ ವಿಷ್ಯ ಮಾತಾಡ್ಬೇಕು, ಬೈಸ್ಕೊಂಡ್ರೂ ಪರ್ವಾಗಿಲ್ಲ. ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ ಅಂತ ದೊಡ್ಡಮ್ಮ ಪ್ರತಿ ಸಲ ಹೇಳ್ತಾರೆ. ನೂರು ಗ್ರಾಂ ರಾಗೀಲಿ ಕ್ಯಾಲ್ಸಿಯಂ 350 ಮಿಲಿಗ್ರಾಂ ಆಸುಪಾಸು, ಮೂಳೆಗೆ ಅದಕ್ಕೆ ಸಮ ಇನ್ನೊಂದು ಧಾನ್ಯ ಇಲ್ಲ. ಆದ್ರೆ ಪ್ರೋಟೀನ್ ಬರೀ 7 ಗ್ರಾಂ, ಅಕ್ಕಿಯಷ್ಟೇ. ಹಿಟ್ಟು ತಿಂದೋರು ಬೆಟ್ಟ ಕಿತ್ತಿದ್ದು ಮುದ್ದೆ ಜೊತೆ ಹುರುಳಿ ಬಸ್ಸಾರು, ಅವರೆಕಾಳು ಸಾರು ಇತ್ತು ಅಂತ, ಮತ್ತೆ ದಿನಾ ಬೆಟ್ಟ ಕೀಳೋ ಅಂಥ ಕೆಲಸಾನೂ ಇತ್ತು ಅಂತ. ನೀರು ನೀರು ಅಂಬಲಿ ಕುಡಿದು ದೀವಾನದ ಮೇಲೆ ಕೂತ್ರೆ ಏನೂ ಕಿತ್ತಿಡೋಕಾಗಲ್ಲ. ಧಾನ್ಯದಲ್ಲಿ ಲೈಸಿನ್ ಅನ್ನೋ ಇನ್ನೊಂದು ಅಮೈನೋ ಆಮ್ಲ ಕಮ್ಮಿ, ಕಾಳಲ್ಲಿ ಅದು ಚೆನ್ನಾಗಿದೆ, ಎರಡೂ ಸೇರಿದ್ರೇನೇ ಪ್ರೋಟೀನ್ ಪೂರ್ತಿ ಉಪಯೋಗಕ್ಕೆ ಬರೋದು.

ಕಾಳುಗಳಲ್ಲಿ ಹುರುಳಿ, ಹೆಸರು, ತೊಗರಿಬೇಳೆ ಎಲ್ಲಾ ನೂರು ಗ್ರಾಂ ಒಣಕಾಳಿಗೆ 20ರಿಂದ 24 ಗ್ರಾಂ, ದೊಡ್ಡ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರೋದು ಅಗಿಯೋದ್ರಲ್ಲಿ, ಗ್ಯಾಸಲ್ಲಿ. ಹುರುಳಿ ಹೀಟು ಅಂತ ಅಮ್ಮ ಮೂಗು ಮುರೀತಾಳೆ, ಮೊಳಕೆ ಕಟ್ಟಿ ಚೆನ್ನಾಗಿ ಬೇಯಿಸಿ ರುಬ್ಬಿ ಸಾರು ಮಾಡಿದ್ರೆ ಸದ್ದಿಲ್ಲದೆ ತಿಂತಾಳೆ. ಹಲ್ಲು ತೊಂದ್ರೆ ಇರೋರಿಗೆ ನನ್ನ ಮೊದಲ ಓಟು ನುಚ್ಚಿನುಂಡೆಗೆ. ತೊಗರಿಬೇಳೆ ನೆನೆಸಿ ತರಿತರಿ ರುಬ್ಬಿ ಸಬ್ಬಸಿಗೆ ಸೊಪ್ಪು ಹಾಕಿ ಹಬೇಲಿ ಬೇಯಿಸೋದು, ಮೆತ್ತಗೆ, ಎಣ್ಣೆ ಇಲ್ಲ, ನಾಲ್ಕು ಉಂಡೆ ತಿಂದ್ರೆ ಅರ್ಧ ಕಪ್ ಬೇಳೆ ಗೊತ್ತಿಲ್ದಂಗೆ ಹೊಟ್ಟೆಗೆ ಹೋಗಿರುತ್ತೆ. ಇಡ್ಲಿಗಿಂತ ಎಷ್ಟೋ ವಾಸಿ, ಒಂದು ಇಡ್ಲೀಲಿ ಎರಡು ಗ್ರಾಂ ಅಷ್ಟೇ. ಹೆಸರುಕಾಳು ದೋಸೆ ಎರಡನೇ ಜಾಗ. ಡಿಸೆಂಬರ್ ಜನವರೀಲಿ ಅವರೆಕಾಯಿ ಬಂದಾಗ ಹಿತಕಿದಬೇಳೆ, ಅದಕ್ಕೆ ಹೇಳೋದೇ ಬೇಡ. ಕಡಲೆಕಾಯಿ ನೂರಕ್ಕೆ 25 ಗ್ರಾಂ, ಪರಿಷೆ ಟೈಮಲ್ಲಿ ಬಸವನಗುಡಿ ತುಂಬ ರಾಶಿ, ಹಲ್ಲಿದ್ದೋರು ಪುಣ್ಯವಂತರು.

ಸೋಯಾ ಚಂಕ್ಸ್ ಲೆಕ್ಕದಲ್ಲಿ ಎಲ್ಲರನ್ನೂ ಸೋಲಿಸುತ್ತೆ, ಒಣಗಿದ್ದು ನೂರು ಗ್ರಾಂಗೆ 50 ಗ್ರಾಂ ದಾಟುತ್ತೆ, ರೇಟೂ ಕಮ್ಮಿ. ಆದ್ರೆ ಅಮ್ಮ "ಇದು ಮಾಂಸದ ಥರ ಇದೆ" ಅಂತ ತಟ್ಟೆ ಅಂಚಿಗೆ ತಳ್ಳಿದ್ಲು. ಪುಡಿ ಮಾಡಿ ಚಪಾತಿ ಹಿಟ್ಟಿಗೆ ಸೇರಿಸಿದ್ದು ಈವರೆಗೂ ಗೊತ್ತಾಗಿಲ್ಲ, ಯಾರೂ ಹೇಳ್ಬೇಡಿ. ಹಾಲು ಮೊಸರು ಪನೀರಲ್ಲಿ ಪನೀರ್ ಗಟ್ಟಿ, 50 ಗ್ರಾಂಗೆ 9 ಗ್ರಾಂ, ಪುಡಿಮಾಡಿ ಉಪ್ಪಿಟ್ಟಿಗೋ ಪಲ್ಯಕ್ಕೋ ಹಾಕಿದ್ರೆ ಅಗಿಯೋ ರಗಳೆ ಇಲ್ಲ. ಹಾಲು ಒಂದು ಲೋಟ 200 ಎಂಎಲ್‌ಗೆ ಆರೂವರೆ ಗ್ರಾಂ. ಕೆನೆ ತೆಗೆದ ಹಾಲಿನ ಪುಡಿ ಎರಡು ದೊಡ್ಡ ಚಮಚ ಅದೇ ಲೋಟಕ್ಕೆ ಹಾಕಿದ್ರೆ ಇನ್ನೊಂದು 5 ಗ್ರಾಂ ಸೇರುತ್ತೆ, ನನ್ನ ಪ್ರಕಾರ ಇದೇ ಬಡವರ ವ್ಹೇ. ಮಜ್ಜಿಗೆ ನೀರಿಗೆ ಸಮ, ಅದನ್ನ ಲೆಕ್ಕಕ್ಕೆ ತಗೋಬೇಡಿ.

ಮೊಟ್ಟೆ ನಮ್ಮನೇಲಿ ಬರಲ್ಲ. ಬರೋ ಮನೆಗಳಲ್ಲಿ ಇದಕ್ಕಿಂತ ಸುಲಭ ಯಾವುದೂ ಇಲ್ಲ, ಒಂದಕ್ಕೆ 6 ಗ್ರಾಂ, ಬೇಯಿಸೋಕೆ ಹತ್ತು ನಿಮಿಷ, ಮೆತ್ತಗೆ ಇರುತ್ತೆ. ಪಕ್ಕದ ಮನೆ ಅಂಕಲ್ ಮಾಂಸ ತಿನ್ನೋರು, 70 ವಯಸ್ಸು, 82 ಕೆಜಿ, ಶುಗರ್ ಇದೆ, "ನಂಗೇನ್ರೀ ಕಮ್ಮಿ, ಭಾನುವಾರ ಮಿಲಿಟರಿ ಹೋಟೆಲ್ ತಪ್ಸಲ್ಲ" ಅಂತಾರೆ. ಕೊಬ್ಬಿನ ಥರ ಪ್ರೋಟೀನನ್ನ ಮೈಯಲ್ಲಿ ಕೂಡಿಟ್ಟುಕೊಳ್ಳೋಕೆ ಆಗಲ್ಲ, ಭಾನುವಾರದ ಮಟನ್ ಬುಧವಾರಕ್ಕೆ ಬರಲ್ಲ. ಅವರಿಗೆ ಕುರ್ಚಿ ಪರೀಕ್ಷೆ ಮಾಡಿಸಿದ್ವಿ, 16 ಸೆಕೆಂಡ್. ಹೊಟ್ಟೆ ಮುಂದಿದ್ದು ಕಾಲು ಸಣ್ಣ ಆಗಿರೋರು ಬೆಂಗಳೂರಲ್ಲಿ ಬೀದಿಗೊಬ್ಬರು ಸಿಗ್ತಾರೆ, ತೂಕ ಜಾಸ್ತಿ ಇದೆಯಲ್ಲ ಅಂತ ಅವರನ್ನ ಯಾರೂ ಅನುಮಾನಿಸಲ್ಲ. ಅಂಥೋರು ಊಟ ಬಿಟ್ಟು ದಿಢೀರ್ ಸಣ್ಣ ಆಗೋಕೆ ಹೋದ್ರೆ ಹೊಟ್ಟೆ ಜೊತೆ ಇರೋ ಚೂರು ಖಂಡಾನೂ ಹೋಗುತ್ತೆ.

ವಾಕಿಂಗಾ ಕುರ್ಚಿನಾ

ನಾನು ತಪ್ಪು ಮಾಡಿದ್ದು ಇಲ್ಲೇ. ಮೊದಲ ಎರಡು ತಿಂಗ್ಳು ಬರೀ ಊಟದ ಹಿಂದೆ ಬಿದ್ದೆ, ಪ್ರೋಟೀನ್ 30ರಿಂದ 55ಕ್ಕೆ ಬಂತು, ಆದ್ರೆ ಕುರ್ಚಿ ಟೈಮ್ 18 ಸೆಕೆಂಡಲ್ಲೇ ನಿಂತಿತ್ತು. ಆಮೇಲೆ ಗೊತ್ತಾಯ್ತು, ಇದನ್ನ ಬಾಸ್ಟನ್‌ನಲ್ಲಿ ಎಂದೋ ನೋಡಿಬಿಟ್ಟಿದಾರೆ. 1994ರಲ್ಲಿ ವೃದ್ಧಾಶ್ರಮದ ನೂರು ಜನ, ಸರಾಸರಿ 87 ವಯಸ್ಸು, ಕೆಲವರಿಗೆ ಭಾರ ಎತ್ತೋ ವ್ಯಾಯಾಮ, ಕೆಲವರಿಗೆ ಪೌಷ್ಟಿಕ ಪಾನೀಯ, ಕೆಲವರಿಗೆ ಎರಡೂ, ಕೆಲವರಿಗೆ ಎರಡೂ ಇಲ್ಲ. ಹತ್ತು ವಾರಕ್ಕೆ ವ್ಯಾಯಾಮ ಮಾಡಿದೋರ ಶಕ್ತಿ ಡಬಲ್‌ಗಿಂತ ಜಾಸ್ತಿ ಆಯ್ತು. ಬರೀ ಪಾನೀಯ ಕುಡಿದೋರಿಗೆ ಏನೂ ಬದಲಾಗ್ಲಿಲ್ಲ. 87 ವಯಸ್ಸಿಗೆ! ಇದನ್ನ ಓದಿದ ದಿನ ನಾನು ಅತ್ತಿಗೆಗೆ ಫೋನ್ ಮಾಡೋಳಿದ್ದೆ, ಸುಮ್ನಾದೆ.

ಲಾಲ್‌ಬಾಗ್ ವಾಕಿಂಗ್ ಕೆಟ್ಟದ್ದಲ್ಲ, ಹೃದಯಕ್ಕೆ, ಶುಗರ್‌ಗೆ, ಮನಸ್ಸಿಗೆ, ನಾಲ್ಕು ಜನರ ಜೊತೆ ಹರಟೆಗೆ ಚಿನ್ನ. ಅಂಕಲ್ ಹದಿನೈದು ವರ್ಷದಿಂದ ನಡೀತಿದಾರೆ, ಆದ್ರೂ ನೆಲದ ಮೇಲೆ ಕೂತ್ರೆ ಇಬ್ಬರು ಎಬ್ಬಿಸ್ಬೇಕು. ಸಮತಟ್ಟು ದಾರೀಲಿ ನಡೆಯೋದು ತೊಡೆಗೆ ದಿನಾ ಅದೇ ಹಳೇ ಪಾಠ, ಹೊಸ ಭಾರ ಬರಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರೋ ಪ್ರಕಾರ 65 ದಾಟಿದೋರಿಗೆ ನಡಿಗೆ ಥರದ್ದರ ಜೊತೆಗೆ ಶಕ್ತಿ ವ್ಯಾಯಾಮ ವಾರಕ್ಕೆ ಎರಡು ದಿನವಾದ್ರೂ, ಬ್ಯಾಲೆನ್ಸ್ ಮತ್ತು ಶಕ್ತಿ ಸೇರಿರೋದು ಮೂರು ದಿನವಾದ್ರೂ ಬೇಕು. ನಮ್ಮ ಕಡೆ ಫುಟ್‌ಪಾತ್ ಇರೋ ಸ್ಥಿತಿಗೆ ಬ್ಯಾಲೆನ್ಸ್ ಮೊದಲು ಕಲಿತೇ ವಾಕಿಂಗ್ ಹೋಗ್ಬೇಕು ಅನ್ಸುತ್ತೆ, ಕಲ್ಲು ಚಪ್ಪಡಿ ಎದ್ದಿರೋ ಜಾಗದಲ್ಲಿ ಅಮ್ಮನ್ನ ಒಬ್ಬಳನ್ನೇ ಬಿಡೋಕೆ ನಂಗೆ ಧೈರ್ಯ ಇಲ್ಲ.

ಪಾರ್ಕಲ್ಲಿರೋ ಓಪನ್ ಜಿಮ್? ಕೂತು ಕಾಲಲ್ಲಿ ತಳ್ಳೋದು, ಎಳೆಯೋದು ಪರ್ವಾಗಿಲ್ಲ. ಕಾಲು ಗಾಳೀಲಿ ತೂಗೋ ಆ ಏರ್ ವಾಕರ್ ಬೇಡವೇ ಬೇಡ, ಖಂಡಕ್ಕೆ ಭಾರಾನೂ ಇಲ್ಲ, ಇಳಿಯುವಾಗ ಬೀಳೋ ಭಯ ಬೇರೆ. ಯೋಗ ಚೆನ್ನಾಗಿದೆ, ಮೈ ಸಡಿಲ ಆಗುತ್ತೆ, ಆದ್ರೆ ಕಣ್ಣು ಮುಚ್ಚಿ ಕೂರೋ ಕ್ಲಾಸಾದ್ರೆ ಕಾಲಿಗೆ ಏನೂ ಸಿಗಲ್ಲ. ಫಿಸಿಯೋ ಮನೆಗೆ ಬಂದ್ರೆ ಒಂದು ಸಲಕ್ಕೆ ಆರುನೂರರಿಂದ ಸಾವಿರ, ತಿಂಗಳಿಡೀ ಅಂದ್ರೆ ಕಷ್ಟ. ನಾವು ನಾಲ್ಕು ಸಲ ಮಾತ್ರ ಕರೆಸಿ, ಮಾಡಿಸಿದ್ದನ್ನೆಲ್ಲ ಫೋನಲ್ಲಿ ವಿಡಿಯೋ ಹಿಡ್ಕೊಂಡು, ಉಳಿದಿದ್ದು ನಾವೇ ಮಾಡಿಸಿದ್ವಿ. ಬಿದ್ದು ಮೂಳೆ ಮುರಿದೋರು, ಮಂಡಿ ಆಪರೇಷನ್ ಆದೋರು, ನಿಂತ್ರೆ ತಲೆ ತಿರುಗೋರು ಹೀಗೆ ಉಳಿಸೋಕೆ ಹೋಗ್ಬೇಡಿ, ಪೂರ್ತಿ ಫಿಸಿಯೋನೇ ಬೇಕು.

ಮನೆಯ ಪಾಠ ಇಷ್ಟೇ. ಕುರ್ಚಿ ಮೇಲೆ ಎರಡು ದಿಂಬು ಹಾಕಿ ಎತ್ತರ ಮಾಡಿ ಎದ್ದು ಕೂರೋದು, ಎಂಟು ಸಲ, ಸುಧಾರಿಸ್ಕೊಂಡು ಇನ್ನೊಂದು ಸುತ್ತು. ಸುಲಭ ಆದ್ಮೇಲೆ ಒಂದು ದಿಂಬು ತೆಗಿಯೋದು, ಆಮೇಲೆ ಎರಡೂ. ಕುಕ್ಕರ್ ಕೂಗೋವರೆಗೂ ಅಡುಗೆಕಟ್ಟೆ ಹಿಡ್ಕೊಂಡು ಹಿಮ್ಮಡಿ ಎತ್ತೋದು. ಒಂದು ಲೀಟರ್ ನೀರಿನ ಬಾಟ್ಲಿ ಅಂದ್ರೆ ಒಂದು ಕೆಜಿ, ಅದೇ ಡಂಬೆಲ್. ರಬ್ಬರ್ ಬ್ಯಾಂಡ್ ಕಿಟಕಿ ಸರಳಿಗೆ ಕಟ್ಟಿ ಎಳೆಯೋದು. ಉಸಿರು ಬಿಗಿ ಹಿಡೀಬಾರ್ದು, ಎದ್ದೇಳುವಾಗ ಬಾಯಲ್ಲಿ ಉಸಿರು ಬಿಡಬೇಕು, ಬಿಪಿ ಇರೋರಿಗೆ ಇದು ಮುಖ್ಯ. ಕಷ್ಟ ಅನ್ನಿಸ್ಬೇಕು, ನೋವಾಗ್ಬಾರ್ದು. ತುಂಬ ಸುಲಭ ಆದ್ರೆ ಅದು ವ್ಯಾಯಾಮ ಅಲ್ಲ, ಟೈಂಪಾಸು.

ಇನ್ನು ಮಾತ್ರೆಗಳ ಬಗ್ಗೆ ಎರಡೇ ಮಾತು. ಬಿ12 ಟೆಸ್ಟ್ ಮಾಡಿಸೋದು ಒಳ್ಳೇದು, ಸಸ್ಯಾಹಾರಿಗಳಿಗೆ, ಬಹಳ ವರ್ಷದಿಂದ ಮೆಟ್‌ಫಾರ್ಮಿನ್ ತಗೊಳ್ಳೋರಿಗೆ ಕಮ್ಮಿ ಆಗಿರುತ್ತೆ, ಕಾಲು ಜೋಮು ತಡವರಿಕೆ ಅದರಿಂದಾನೂ ಬರುತ್ತೆ. ವಿಟಮಿನ್ ಡಿ 60,000 ಯೂನಿಟ್ ಸ್ಯಾಶೆ ಡಾಕ್ಟರ್ ಎಂಟು ವಾರ ಅಂದ್ರೆ ಎಂಟೇ ವಾರ, ಹಳೇ ಚೀಟಿ ತೋರ್ಸಿ ವರ್ಷಗಟ್ಲೆ ತಗೊಳ್ಳೋರು ನಮ್ಮ ಬೀದೀಲೇ ಇದಾರೆ, ಅದು ಮೈಯಲ್ಲಿ ಕೂತ್ಕೊಂಡು ಕ್ಯಾಲ್ಸಿಯಂ ಏರಿಸುತ್ತೆ.

ಹಾಗಾದ್ರೆ ನನ್ನ ಆಯ್ಕೆ? ಒಂದೇ ಒಂದಕ್ಕೆ ಟೈಮಿದೆ ಅನ್ನೋರಿಗೆ ಕುರ್ಚಿ, ದುಡ್ಡು ಬೇಡ, ವಾರಕ್ಕೆ ಮೂರು ದಿನ ಹದಿನೈದು ನಿಮಿಷ. ಎರಡು ಆಗುತ್ತೆ ಅನ್ನೋರು ಬೆಳಗಿನ ತಿಂಡಿ ಬದಲಾಯಿಸಿ, ಯಾಕಂದ್ರೆ ನಮ್ಮ ತಿಂಡಿಯಷ್ಟು ಪ್ರೋಟೀನ್ ಇಲ್ಲದ್ದು ಇನ್ನೊಂದಿಲ್ಲ. ದುಡ್ಡಿದ್ರೆ ಅದನ್ನ ಡಬ್ಬಕ್ಕೆ ಹಾಕೋ ಮುಂಚೆ ಫಿಸಿಯೋಗೂ ಹಲ್ಲಿನ ಡಾಕ್ಟರ್‌ಗೂ ಹಾಕಿ. ಹಲ್ಲು ಸರಿ ಮಾಡ್ಸಿದ್ರೆ ಕಡಲೆಕಾಯಿಯಿಂದ ಹಿಡಿದು ಅರ್ಧ ಪಟ್ಟಿ ವಾಪಸ್ ಸಿಗುತ್ತೆ. ಪುಡಿ ಕೊನೇಲಿ, ಊಟ ನಿಜವಾಗ್ಲೂ ಸೇರದೇ ಇದ್ದಾಗ.

ನಮ್ಮನೇಲಿ ಈಗ ಬೆಳಗ್ಗೆ ಹೆಸರುಕಾಳು ದೋಸೆ ಅಥವಾ ನುಚ್ಚಿನುಂಡೆ, ಹುರಿಗಡಲೆ ಚಟ್ನಿ, ಹಾಲು. ಮಧ್ಯಾಹ್ನ ಅನ್ನ ಅರ್ಧ, ಕಾಳಿನ ಹುಳಿ ಎರಡು ಸೌಟು, ತಳದಿಂದ ಕಲಕಿ ಹಾಕೋದು, ಗಟ್ಟಿ ಮೊಸರು. ರಾತ್ರಿ ಆ ಗುಟ್ಟಿನ ಚಪಾತಿ, ಪನೀರ್ ಪಲ್ಯ. ನಾಲ್ಕು ಗಂಟೆ ಕಾಫಿ ಬಿಡಿಸೋಕೆ ಆಗ್ಲಿಲ್ಲ, ಬಿಸ್ಕೆಟ್ ಬದಲು ಕಡಲೆ ಉಸಲಿ ಬಂತು ಅಷ್ಟೇ. ಹೋದ ವಾರ ಅಳೆದಾಗ 13 ಸೆಕೆಂಡ್. ಉಪ್ಪಿನಕಾಯಿ ಜಾಡಿ ಅವಳೇ ತೆಗೀತಾಳೆ. ಅಂಕಲ್‌ಗೂ ಒಂದು ರಬ್ಬರ್ ಬ್ಯಾಂಡ್ ತಂದ್ಕೊಟ್ಟೆ, ಸದ್ಯಕ್ಕೆ ಅವರು ಅದ್ರಲ್ಲಿ ಪೇಪರ್ ಸುತ್ತಿ ಇಟ್ಟಿದಾರೆ.